ಪಟ್ಟೆತಲೆ ಹೆಬ್ಬಾತು ಮತ್ತು ಕಾಡುಬಾತುಗಳ ವೀಕ್ಷಣೆ, ಛಾಯಾಗ್ರಹಣ: ಹಂತ ಹಂತದ ಮಾರ್ಗದರ್ಶಿ

ಚಳಿಗಾಲ ಹತ್ತಿರವಾಗುತ್ತಿದ್ದಂತೆ ಓದುಗರಿಂದ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮಾಗಡಿ ಕೆರೆಗೆ ಯಾವಾಗ ಹೋಗಬೇಕು? ಎಂಥ ಲೆನ್ಸ್ ಬೇಕು? ಅಷ್ಟು ದೂರ ಹೋದರೂ ಕೆರೆಯಲ್ಲಿ ಹಕ್ಕಿಗಳೇ ಇರಲಿಲ್ಲವಲ್ಲ, ಏಕೆ? ಮೂರನೆಯ ಪ್ರಶ್ನೆಗೆ ಉತ್ತರ ತಿಳಿದವರಿಗೆ ಮೊದಲ ಎರಡು ಅಷ್ಟೇನೂ ಕಷ್ಟವಾಗುವುದಿಲ್ಲ. ಹೆಬ್ಬಾತುಗಳಿಗೂ ಬಾತುಗಳಿಗೂ ಕರಾರುವಾಕ್ಕಾದ ದಿನಚರಿಯಿದೆ. ಅದನ್ನು ಅರಿತು, ಅವು ಬರುವ ಮೊದಲೇ ಸರಿಯಾದ ಜಾಗದಲ್ಲಿ ಕುಳಿತವರಿಗೆ ಸಿಗುವ ಚಿತ್ರ, ಎಷ್ಟೇ ದುಬಾರಿ ಲೆನ್ಸ್ ಹಿಡಿದು ಹಕ್ಕಿಗಳ ಬೆನ್ನು ಹತ್ತಿದವರಿಗೂ ಸಿಗುವುದಿಲ್ಲ. ಮುಂದಿನ ಹಂತಗಳೆಲ್ಲವೂ ಈ ಒಂದು ಮಾತನ್ನು ಆಧರಿಸಿವೆ.

ಉದಾಹರಣೆಗಾಗಿ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ಆರಿಸಿಕೊಂಡಿದ್ದೇನೆ. ನಕ್ಷೆಯಲ್ಲಿ ‘ಮಾಗಡಿ’ ಎಂದಷ್ಟೇ ಹುಡುಕಿದರೆ ಬೆಂಗಳೂರಿನ ಪಕ್ಕದ ಮಾಗಡಿಯೇ ಮೊದಲು ಕಾಣಿಸುತ್ತದೆ. ಹೊರಡುವ ಮುನ್ನ ಜಿಲ್ಲೆಯ ಹೆಸರನ್ನು ಸೇರಿಸಿ ಖಚಿತಪಡಿಸಿಕೊಳ್ಳಿ.

ಹಂತ 1: ಕಾಲ ಮತ್ತು ಕೆರೆಯನ್ನು ಆರಿಸಿಕೊಳ್ಳುವುದು

ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್, ಲಡಾಖ್ ಮುಂತಾದ ಎತ್ತರದ ಜೌಗು ನೆಲಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ಉಪಗ್ರಹ ಸಾಧನ ತೊಡಿಸಿದ ಹೆಬ್ಬಾತುಗಳು ಸಮುದ್ರ ಮಟ್ಟದಿಂದ 7,000 ಮೀಟರ್‌ಗೂ ಮೇಲೆ ಹಾರಿದ ದಾಖಲೆಯಿದೆ. ಕರ್ನಾಟಕದ ಕೆರೆಗಳಿಗೆ ಅವು ನವೆಂಬರ್ ಹೊತ್ತಿಗೆ ಬಂದಿಳಿಯುತ್ತವೆ, ಮಾರ್ಚ್‌ನಲ್ಲಿ ಬಹುಪಾಲು ಹೊರಟುಹೋಗಿರುತ್ತವೆ. ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗಿನ ಅವಧಿಯೇ ಅತ್ಯುತ್ತಮ. ಇದಕ್ಕೆ ಹಕ್ಕಿಗಳ ಸಂಖ್ಯೆಯೊಂದೇ ಕಾರಣವಲ್ಲ. ವಲಸೆ ಬರುವ ಹಲವು ಜಾತಿಯ ಬಾತುಗಳ ಗಂಡುಗಳು ಮರಿ ಮಾಡುವ ಕಾಲ ಮುಗಿದ ಮೇಲೆ ಬಣ್ಣದ ಗರಿಗಳನ್ನು ಉದುರಿಸಿ ಹೆಣ್ಣಿನಂತೆ ಕಂದಾಗುತ್ತವೆ. ಅಕ್ಟೋಬರ್‌, ನವೆಂಬರ್‌ನಲ್ಲಿ ಬಂದಾಗಲೂ ಅನೇಕ ಗಂಡುಗಳು ಆ ಮಂಕು ವೇಷದಲ್ಲೇ ಇರುತ್ತವೆ. ಜನವರಿಯ ಹೊತ್ತಿಗೆ ಹೆಚ್ಚಿನವು ಪೂರ್ಣ ಬಣ್ಣ ತಳೆದಿರುತ್ತವೆ.

ಮಾಗಡಿ ಕೆರೆ ಸುಮಾರು 134 ಎಕರೆ ವಿಸ್ತಾರದ, ಮಳೆನೀರನ್ನು ಹಿಡಿದಿಡಲು ಕಟ್ಟಿದ ಕೆರೆ. 2024ರಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶಕ್ಕೂ ಅದೇ ವರ್ಷ ಆ ಮನ್ನಣೆ ದೊರೆಯಿತು. ಮೈಸೂರು ಭಾಗದವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಹತ್ತಿರ. ಯಾದಗಿರಿ ಕಡೆಯವರಿಗೆ ಸುರಪುರದ ಬಳಿಯ ಬೋನಾಳ ಕೆರೆಯಿದೆ.

ಕೆರೆಯ ಹೆಸರಿಗಿಂತ ಆ ವರ್ಷದ ನೀರಿನ ಮಟ್ಟ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಹೆಬ್ಬಾತುಗಳಿಗೂ ಮೇಲ್ನೀರಿನಲ್ಲಿ ಮೇಯುವ ಬಾತುಗಳಿಗೂ ಬೇಕಾಗಿರುವುದು ಅಂಚಿನಲ್ಲಿ ತೆಳುವಾದ ನೀರು ಮತ್ತು ವಿಶ್ರಮಿಸಲು ತೆರೆದ ಕೆರೆಯಂಗಳ. ಕೋಡಿ ಬಿದ್ದು ಏರಿಯವರೆಗೂ ತುಂಬಿ ನಿಂತ ಕೆರೆ ನೋಡಲು ಚೆಂದವಾದರೂ ಬಾತುಗಳಿಗೆ ಅಲ್ಲಿ ಮೇವು ಎಟಕುವುದಿಲ್ಲ. ಪ್ರಯಾಣಕ್ಕೆ ಮುನ್ನ ಸ್ಥಳೀಯ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೋ ಪರಿಚಯದ ಊರವರನ್ನೋ ವಿಚಾರಿಸಿ ನೀರಿನ ಸ್ಥಿತಿ ತಿಳಿದುಕೊಳ್ಳಿ.

ಹಂತ 2: ದಿನಚರಿಯನ್ನು ತಿಳಿದು ಸಮಯ ಗೊತ್ತುಮಾಡಿಕೊಳ್ಳುವುದು

ಹೆಬ್ಬಾತು ಹುಲ್ಲು, ಎಳೆ ಪೈರು, ಉದುರಿದ ಕಾಳು ತಿನ್ನುವ ಹಕ್ಕಿ. ಅದರ ಊಟ ಇರುವುದು ಹೊಲಗಳಲ್ಲಿ. ಹೆಚ್ಚಾಗಿ ರಾತ್ರಿಯಲ್ಲಿ ಮತ್ತು ಬೆಳಗಿನ ಜಾವದಲ್ಲಿ ಹೊಲಗಳಲ್ಲಿ ಮೇದು, ಬಿಸಿಲೇರುವ ಮೊದಲು ಕೆರೆಗೆ ಮರಳಿ, ನೀರು ಕುಡಿದು, ಗರಿ ತೀಡಿಕೊಂಡು, ಹಗಲನ್ನು ಅಲ್ಲೇ ನಿದ್ದೆಯಲ್ಲಿ ಕಳೆಯುತ್ತದೆ. ಸಂಜೆ ಮತ್ತೆ ಗುಂಪು ಗುಂಪಾಗಿ ಹೊಲಗಳತ್ತ ಹಾರುತ್ತದೆ. ಕೆರೆ ಖಾಲಿಯಾಗಿತ್ತು ಎನ್ನುವವರು ಬಹುಪಾಲು ತಪ್ಪು ಹೊತ್ತಿನಲ್ಲಿ, ಅಂದರೆ ತೀರಾ ಮುಂಜಾನೆ ಬಂದು, ಹಿಂಡು ಮರಳುವ ಮೊದಲೇ ಹೊರಟವರು. ಮಧ್ಯಾಹ್ನ ಬಂದವರಿಗೆ ಹಕ್ಕಿಗಳು ಕಾಣಿಸಿದರೂ ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿಕೊಂಡ ಬೂದು ಮುದ್ದೆಗಳಷ್ಟೇ ಕಾಣಿಸುತ್ತವೆ.

ಡಿಸೆಂಬರ್‌ನಲ್ಲಿ ಗದಗದ ಕಡೆ ಸೂರ್ಯೋದಯ ಬೆಳಗಿನ 6.45ರ ಸುಮಾರಿಗೆ ಆಗುತ್ತದೆ. ಅದಕ್ಕೂ ಅರ್ಧ ಗಂಟೆ ಮೊದಲೇ ನಿಮ್ಮ ಜಾಗದಲ್ಲಿ ಕುಳಿತಿರಿ. ಕನಿಷ್ಠ 10 ಗಂಟೆಯವರೆಗೂ ಏಳಬೇಡಿ. ಸಂಜೆಯ ಹಾರಾಟಕ್ಕೆ ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲು ಬನ್ನಿ. ಸಾಧ್ಯವಿದ್ದರೆ ಹಿಂದಿನ ಸಂಜೆಯೇ ಊರು ತಲುಪಿ, ಕ್ಯಾಮೆರಾ ತೆಗೆಯದೆ, ಹಿಂಡು ಯಾವ ದಿಕ್ಕಿಗೆ ಹೊರಟಿತು ಎಂಬುದನ್ನಷ್ಟೇ ಗಮನಿಸಿ. ಮರುದಿನ ಬೆಳಿಗ್ಗೆ ಅದು ಬಹುಮಟ್ಟಿಗೆ ಅದೇ ದಿಕ್ಕಿನಿಂದ ಮರಳುತ್ತದೆ.

ಹಂತ 3: ಸಲಕರಣೆ

ಮೊದಲು ಕೊಳ್ಳಬೇಕಾದದ್ದು ದುರ್ಬೀನು, ಕ್ಯಾಮೆರಾ ಅಲ್ಲ. 8×42 ಎಂದು ನಮೂದಿಸಿದ ದುರ್ಬೀನು ಕೆರೆಗೆ ಹೊಂದುತ್ತದೆ. 8 ಎಂದರೆ ಎಷ್ಟು ಪಟ್ಟು ಹತ್ತಿರ ಕಾಣಿಸುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದು. 10×42 ಇನ್ನೂ ಹತ್ತಿರ ತೋರಿಸುತ್ತದೆ, ಆದರೆ ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ.

ಲೆನ್ಸ್ ವಿಷಯದಲ್ಲಿ ಲೆಕ್ಕ ತಿಳಿದರೆ ನಿರಾಶೆ ತಪ್ಪುತ್ತದೆ. ಪಟ್ಟೆತಲೆ ಹೆಬ್ಬಾತಿನ ಉದ್ದ ಸುಮಾರು 75 ಸೆಂ.ಮೀ. ಅದು 100 ಮೀಟರ್ ದೂರದಲ್ಲಿ ನಿಂತಿದ್ದರೆ, ಫುಲ್ ಫ್ರೇಮ್ ಕ್ಯಾಮೆರಾಕ್ಕೆ, ಎಂದರೆ ಚಿತ್ರ ಹಿಡಿಯುವ ಸೆನ್ಸರ್ 36 ಮಿ.ಮೀ. ಅಗಲವಿರುವ ಕ್ಯಾಮೆರಾಕ್ಕೆ, 600 ಮಿ.ಮೀ. ಲೆನ್ಸ್ ಹಾಕಿದಾಗ ಚಿತ್ರದ ಅಗಲದಲ್ಲಿ ಎಂಟನೇ ಒಂದು ಭಾಗವನ್ನು, 400 ಮಿ.ಮೀ. ಹಾಕಿದಾಗ ಹನ್ನೆರಡನೇ ಒಂದು ಭಾಗವನ್ನು ಮಾತ್ರ ತುಂಬುತ್ತದೆ. ಮೊಬೈಲ್ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಅದು ಬರೀ ಚುಕ್ಕೆ. ಆದ್ದರಿಂದ 100-400 ಅಥವಾ 150-600 ಮಿ.ಮೀ. ಜೂಮ್ ಇದ್ದರೆ ಸಾಕಷ್ಟಾಯಿತು ಎಂದುಕೊಳ್ಳಿ. 400 ಇದ್ದವರು ಒಂಟಿ ಹಕ್ಕಿಯ ಮುಖಚಿತ್ರಕ್ಕೆ ಹಂಬಲಿಸದೆ, ಹಿಂಡು, ನೀರು, ಹಿನ್ನೆಲೆಯ ಜೋಳದ ಹೊಲ ಎಲ್ಲವೂ ಸೇರಿದ ಚಿತ್ರಗಳನ್ನು ತೆಗೆಯಲಿ. ನನಗಂತೂ ಅಂಥವೇ ಹೆಚ್ಚು ಇಷ್ಟ, ಏಕೆಂದರೆ ಹಕ್ಕಿ ಯಾವ ನೆಲವನ್ನು ನೆಚ್ಚಿ ಬದುಕಿದೆ ಎಂಬುದು ಅವುಗಳಲ್ಲಿ ಕಾಣಿಸುತ್ತದೆ. ಹೆಚ್ಚು ಖರ್ಚು ಮಾಡಲಾಗದವರಿಗೆ ಉದ್ದ ಜೂಮ್ ಇರುವ ಬ್ರಿಡ್ಜ್ ಕ್ಯಾಮೆರಾ, ಎಂದರೆ ಲೆನ್ಸ್ ಬದಲಿಸಲಾಗದ ಒಂದೇ ತುಂಡಿನ ಕ್ಯಾಮೆರಾ, ಧಾರಾಳವಾಗಿ ಸಾಕು.

ಟ್ರೈಪಾಡ್‌ಗಿಂತ ಉಪಯುಕ್ತವಾದದ್ದು ಕಾಳು ತುಂಬಿದ ಬಟ್ಟೆಚೀಲ. ಎರಡು ಕಿಲೋ ಹುರುಳಿಯನ್ನೋ ಜೋಳವನ್ನೋ ತುಂಬಿ ಹೊಲಿದ ಚೀಲವನ್ನು ಏರಿಯ ಕಲ್ಲಿನ ಮೇಲಿಟ್ಟು ಅದರ ಮೇಲೆ ಲೆನ್ಸ್ ಊರಿದರೆ ಅಲುಗಾಟ ನಿಲ್ಲುತ್ತದೆ, ಕ್ಯಾಮೆರಾ ನೆಲಮಟ್ಟಕ್ಕೆ ಇಳಿಯುತ್ತದೆ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ, ಬಿಳಿಯದು ಬೇಡ.

ಹಂತ 4: ಕೂರುವ ಜಾಗ: ಬಿಸಿಲಿನ ಜೊತೆ ಗಾಳಿಯನ್ನೂ ನೋಡಿ

ಸೂರ್ಯ ಬೆನ್ನಿಗಿರಬೇಕೆಂಬುದು ಛಾಯಾಗ್ರಾಹಕರೆಲ್ಲರಿಗೂ ಗೊತ್ತು. ಗಾಳಿಯ ಬಗ್ಗೆ ಯೋಚಿಸುವವರು ವಿರಳ. ಬಾತುಗಳೂ ಹೆಬ್ಬಾತುಗಳೂ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಎದುರುಗಾಳಿ ರೆಕ್ಕೆಗೆ ಎತ್ತುವ ಬಲ ಕೊಡುತ್ತದೆ, ಇಳಿಯುವಾಗ ವೇಗ ತಗ್ಗಿಸುತ್ತದೆ. ಹಾಗಾಗಿ ಗಾಳಿಯೂ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಹಕ್ಕಿ ನಿಮ್ಮತ್ತ ಮುಖ ಮಾಡಿ ಬರುತ್ತದೆ. ಗಾಳಿ ನಿಮ್ಮ ಮುಖಕ್ಕೆ ಹೊಡೆಯುತ್ತಿದ್ದರೆ ದಿನವಿಡೀ ಬಾಲದ ಚಿತ್ರಗಳೇ ಸಿಗುತ್ತವೆ.

ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್, ಜನವರಿಯ ಗಾಳಿ ಸಾಮಾನ್ಯವಾಗಿ ಪೂರ್ವ ಅಥವಾ ಈಶಾನ್ಯದಿಂದ ಬೀಸುತ್ತದೆ. ಬೆಳಗಿನ ಸೂರ್ಯನೂ ಆ ಕಡೆಯೇ. ಆದ್ದರಿಂದ ಕೆರೆಯ ಪೂರ್ವದ ಅಂಚಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕುಳಿತವರಿಗೆ ಬೆಳಿಗ್ಗೆ ಬೆಳಕು, ಗಾಳಿ ಎರಡೂ ಒದಗುತ್ತವೆ. ಸಂಜೆ ಈ ಅನುಕೂಲ ಇರುವುದಿಲ್ಲ; ಸೂರ್ಯ ಪಶ್ಚಿಮಕ್ಕೆ ಬಂದಿರುತ್ತಾನೆ, ಗಾಳಿ ಪೂರ್ವದ್ದೇ ಆಗಿರುತ್ತದೆ. ಸಂಜೆಯ ಹೊತ್ತು ಬಂಗಾರದ ಆಕಾಶದೆದುರು ಹಾರುವ ಸಾಲುಗಳ ಕಪ್ಪು ಆಕೃತಿಗಳನ್ನು ತೆಗೆಯುವುದೇ ಜಾಣತನ. ಒಂದು ಹಿಡಿ ಒಣಮಣ್ಣನ್ನು ತೂರಿ ಆ ದಿನದ ಗಾಳಿಯ ದಿಕ್ಕನ್ನು ನೀವೇ ಪರೀಕ್ಷಿಸಿಕೊಳ್ಳಿ.

ಏರಿಯ ನೆತ್ತಿಯ ಮೇಲೆ ನಿಲ್ಲಬೇಡಿ. ಆಕಾಶಕ್ಕೆ ಎದುರಾಗಿ ನಿಂತ ಮನುಷ್ಯನ ಆಕೃತಿ ಹೆಬ್ಬಾತಿಗೆ ಬಹು ದೂರದಿಂದಲೇ ಕಾಣಿಸುತ್ತದೆ. ಏರಿಯ ಇಳಿಜಾರಿನಲ್ಲಿ, ಜಾಲಿಯ ಪೊದೆಯನ್ನು ಬೆನ್ನಿಗಿಟ್ಟುಕೊಂಡು ತಗ್ಗಾಗಿ ಕೂರಿ. ತಗ್ಗಿನಿಂದ ತೆಗೆದ ಚಿತ್ರದಲ್ಲಿ ಹಕ್ಕಿಯ ಕಣ್ಣು ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಿನ್ನೆಲೆಯೂ ಮಸುಕಾಗಿ ಹಿಂದೆ ಸರಿಯುತ್ತದೆ.

ಹೊಲದಲ್ಲಿ ಮೇಯುವ ಹೆಬ್ಬಾತುಗಳನ್ನು ನೋಡಬೇಕೆನ್ನುವವರು ಬೆಳೆ ತುಳಿಯಬಾರದು. ಹಿಂಗಾರಿ ಕಡಲೆ, ಗೋಧಿ, ಬಿಳಿಜೋಳ ನಿಂತಿರುವ ಕಾಲವದು. ಹಕ್ಕಿ ಮೇದು ಆಗುವ ನಷ್ಟವನ್ನು ಸಹಿಸಿಕೊಂಡಿರುವ ರೈತನಿಗೆ ನಾವು ಇನ್ನಷ್ಟು ನಷ್ಟ ಮಾಡುವುದು ಯಾವ ನ್ಯಾಯ? “ಯಜಮಾನ್ರ, ನಿಮ್ಮ ಹೊಲದ ಬದುವಿನ ಮ್ಯಾಲ ಸ್ವಲ್ಪ ಹೊತ್ತು ಕುಂದರ್ಲೇನ್ರಿ?” ಎಂದು ಕೇಳಿ ಕುಳಿತುಕೊಳ್ಳಿ. ಹಿಂಡು ಇವತ್ತು ಯಾರ ಹೊಲಕ್ಕೆ ಇಳಿದಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.

ಹಂತ 5: ಗುರುತಿಸುವುದು

ಪಟ್ಟೆತಲೆ ಹೆಬ್ಬಾತಿನ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆಗಳಿರುತ್ತವೆ, ಕೊಕ್ಕು ಮತ್ತು ಕಾಲು ಹಳದಿ. ಆ ವರ್ಷ ಹುಟ್ಟಿದ ಮರಿಗಳಿಗೆ ಈ ಪಟ್ಟೆಗಳು ಇರುವುದಿಲ್ಲ. ನೆತ್ತಿ ಬೂದು, ಕಣ್ಣಿನ ನೇರಕ್ಕೆ ಒಂದು ಮಸಕು ಗೆರೆಯಷ್ಟೇ ಇರುತ್ತದೆ. ಇದನ್ನು ಬೇರೆ ಜಾತಿಯೆಂದು ತಿಳಿದು ಸಂಭ್ರಮಪಡುವವರಿದ್ದಾರೆ. ಪಟ್ಟೆಯಿಲ್ಲದ ಹಕ್ಕಿಯ ಅಕ್ಕಪಕ್ಕ ನೋಡಿ: ಸಾಮಾನ್ಯವಾಗಿ ಪಟ್ಟೆಯಿರುವ ಎರಡು ದೊಡ್ಡ ಹಕ್ಕಿಗಳು ಅದರ ಜೊತೆಗೇ ಇರುತ್ತವೆ. ಹೆಬ್ಬಾತಿನ ಮರಿಗಳು ಮೊದಲ ಚಳಿಗಾಲವನ್ನು ತಂದೆತಾಯಿಯ ಜೊತೆಯಲ್ಲೇ ಕಳೆಯುತ್ತವೆ.

ಬಾತುಗಳಲ್ಲಿ ನೀವು ಹೆಚ್ಚಾಗಿ ಕಾಣುವವು ಇವು. ಸೂಜಿಬಾಲದ ಬಾತಿನ ಗಂಡಿಗೆ ನೀಳ ಕುತ್ತಿಗೆ, ಚಾಕೊಲೇಟ್ ಬಣ್ಣದ ತಲೆ, ಚೂಪಾದ ಬಾಲ. ಸಲಿಕೆ ಕೊಕ್ಕಿನ ಬಾತು ತನ್ನ ಅಗಲ ಕೊಕ್ಕನ್ನು ನೀರಿಗೆ ಅದ್ದಿ ಈಜುತ್ತದೆ. ಹತ್ತಾರು ಬಾತುಗಳು ಒಂದರ ಹಿಂದೊಂದು ವೃತ್ತಾಕಾರವಾಗಿ ಸುತ್ತುತ್ತಾ ನೀರನ್ನು ಕದಡಿ ಮೇಲೆದ್ದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ದೃಶ್ಯ ವಿಡಿಯೊಗೆ ಬಹಳ ಚೆನ್ನ. ಬಿಳಿಹುಬ್ಬಿನ ಬಾತಿನ ಗಂಡನ್ನು ಹೆಸರೇ ಹೇಳುತ್ತದೆ. ಚುಕ್ಕೆಕೊಕ್ಕಿನ ಬಾತು ವಲಸೆಯದಲ್ಲ, ಇಲ್ಲಿನದೇ; ಕಪ್ಪು ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆಗಳು. ಸಿಳ್ಳೆ ಹಾಕುತ್ತಾ ಹಾರುವ, ಮರದ ಕೊಂಬೆಯ ಮೇಲೂ ಕೂರುವ ಕಂದು ಸಿಳ್ಳೆಬಾತೂ ಇಲ್ಲಿನದೇ. ಕಿತ್ತಳೆಗಂದು ಮೈಯ ದೊಡ್ಡ ಬಾತು ಕಂಡರೆ ಅದು ಬ್ರಾಹ್ಮಿಣಿ ಬಾತು, ನಮ್ಮ ಕಾವ್ಯಗಳ ಚಕ್ರವಾಕ.

ಹೆಣ್ಣುಬಾತುಗಳೆಲ್ಲ ಕಂದಾಗಿ ಒಂದೇ ಥರ ಕಾಣುತ್ತವೆ. ಅವುಗಳ ಗುರುತಿಗೆ ‘ರೆಕ್ಕೆಗನ್ನಡಿ’ಯನ್ನು, ಎಂದರೆ ರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಹೊಳೆಯುವ ಬಣ್ಣದ ತುಣುಕನ್ನು ನೋಡಬೇಕು. ಕೂತಾಗ ಅದು ಹೆಚ್ಚಾಗಿ ಮರೆಯಾಗಿರುತ್ತದೆ. ಬಾತು ನೀರಿನಲ್ಲಿ ಎದ್ದುನಿಂತು ರೆಕ್ಕೆ ಕೊಡವುವ ಕ್ಷಣದಲ್ಲಿ ಚಿತ್ರ ತೆಗೆದುಕೊಂಡು, ಆಮೇಲೆ ಕೈಪಿಡಿಯೊಂದಿಗೆ ಹೋಲಿಸಿ.

ಕರ್ನಾಟಕದಲ್ಲಿ ಹಂಸಗಳನ್ನು ಎಲ್ಲಿ ನೋಡಬಹುದೆಂದೂ ಕೆಲವರು ಕೇಳುತ್ತಾರೆ. ಕಾಡು ಹಂಸಗಳು ನಮ್ಮ ರಾಜ್ಯಕ್ಕೆ ಬರುವುದಿಲ್ಲ. ಭಾರತದಲ್ಲೇ ಅವು ವಾಯವ್ಯದ ಕಡೆ ಅಪರೂಪಕ್ಕೊಮ್ಮೆ ಕಂಡ ಅತಿಥಿಗಳು. ಇಲ್ಲಿನ ಉದ್ಯಾನಗಳ ಕೊಳಗಳಲ್ಲಿ ಇರುವ ದೊಡ್ಡ ಬಿಳಿ ಹಕ್ಕಿಗಳು ಬಹುತೇಕ ಸಾಕಿದ ಹೆಬ್ಬಾತುಗಳು. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಕಿತ್ತಳೆ ಕೊಕ್ಕಿನ ಮೂಕಹಂಸ ನಗರದ ಕೆರೆಗಳಲ್ಲೇ ಸಿಗುತ್ತದೆ, ಚಳಿಗಾಲದಲ್ಲಿ ಐಸ್‌ಲ್ಯಾಂಡಿನಿಂದ ಹಳದಿ-ಕಪ್ಪು ಕೊಕ್ಕಿನ ಹಂಸಗಳೂ ಬರುತ್ತವೆ. ಅಲ್ಲಿ ವಸಂತದಲ್ಲಿ ಗೂಡಿನ ಬಳಿ ಹೋಗಬೇಡಿ; ಗಂಡುಹಂಸ ಮೇಲೆರಗಿ ಬರುತ್ತದೆ.

ಹಂತ 6: ಹಿಂಡಿನ ಸೂಚನೆಗಳನ್ನು ಓದುವುದು

ಎಷ್ಟು ಹತ್ತಿರ ಹೋಗಬಹುದೆಂಬ ಪ್ರಶ್ನೆಗೆ ಮೀಟರ್‌ಗಳಲ್ಲಿ ಉತ್ತರವಿಲ್ಲ. ಉತ್ತರವನ್ನು ಹಿಂಡೇ ಹೇಳುತ್ತದೆ. ಮೇಯುತ್ತಿರುವ, ಗರಿ ತೀಡುತ್ತಿರುವ, ಒಂಟಿಕಾಲಲ್ಲಿ ನಿದ್ರಿಸುತ್ತಿರುವ ಹಕ್ಕಿಗೆ ನಿಮ್ಮಿಂದ ತೊಂದರೆಯಿಲ್ಲ. ಅಂಚಿನಲ್ಲಿರುವ ಒಂದೆರಡು ಹೆಬ್ಬಾತುಗಳು ಕುತ್ತಿಗೆಯನ್ನು ಕೋಲಿನಂತೆ ನೆಟ್ಟಗೆ ಎತ್ತಿ ನಿಂತರೆ ನೀವು ಇದ್ದಲ್ಲೇ ನಿಲ್ಲಬೇಕು. ಆ ನೆಟ್ಟ ಕುತ್ತಿಗೆಗಳು ಹಿಂಡಿನೊಳಕ್ಕೂ ಹರಡತೊಡಗಿದರೆ, ಅಥವಾ ಬಾತುಗಳು ಒಟ್ಟಾಗಿ ನಡುನೀರಿನತ್ತ ಈಜತೊಡಗಿದರೆ, ಬಾಗಿಕೊಂಡು ನಿಧಾನವಾಗಿ ಹಿಂದೆ ಸರಿಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಕುತ್ತಿಗೆಗಳು ಮತ್ತೆ ತಗ್ಗುತ್ತವೆ.

ತಾವಾಗಿಯೇ ಹಾರಲು ಸಿದ್ಧವಾಗುವ ಹೆಬ್ಬಾತುಗಳ ಸೂಚನೆ ಬೇರೆ. ಅವು ತಲೆಯನ್ನು ಅತ್ತಿತ್ತ ಒದರಿ, ಕೊಕ್ಕನ್ನು ಮೇಲಕ್ಕೆ ಚಿಮ್ಮಿಸುತ್ತಾ, ಕೂಗತೊಡಗುತ್ತವೆ. ಒಂದರಿಂದ ಇನ್ನೊಂದಕ್ಕೆ ಅದು ಹಬ್ಬಿ, ಎಲ್ಲವೂ ಗಾಳಿಯತ್ತ ಮುಖ ತಿರುಗಿಸುತ್ತವೆ. ಇಷ್ಟು ಕಂಡಾಗ ಬೆರಳು ಶಟರ್ ಗುಂಡಿಯ ಮೇಲಿರಲಿ.

ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಕ್ಕಿಗಳನ್ನು ಎಬ್ಬಿಸುವುದು, ಡ್ರೋನ್ ಹಾರಿಸುವುದು, ಧ್ವನಿಮುದ್ರಣ ನುಡಿಸಿ ಕರೆಯುವುದು, ಇವನ್ನು ಯಾವ ಕಾರಣಕ್ಕೂ ಮಾಡಬೇಡಿ. ಹಿಂಡು ಏಳುವ ಒಂದು ಚಿತ್ರಕ್ಕಾಗಿ ನೂರಾರು ಹಕ್ಕಿಗಳು ಹಗಲಿನ ವಿಶ್ರಾಂತಿ ಕಳೆದುಕೊಳ್ಳುತ್ತವೆ. ಮಾರ್ಚ್‌ನಲ್ಲಿ ಹಿಮಾಲಯ ದಾಟಲು ಬೇಕಾದ ಕೊಬ್ಬನ್ನು ಅವು ಇಲ್ಲಿಯೇ, ಈ ಹೊಲಗಳಲ್ಲಿ ಮತ್ತು ಈ ಕೆರೆಯಲ್ಲಿ, ಕೂಡಿಟ್ಟುಕೊಳ್ಳಬೇಕು. ಇದನ್ನು ಬಲ್ಲವರು ಹಿಂಡನ್ನು ಎಬ್ಬಿಸಿ ತೆಗೆದ ಚಿತ್ರವನ್ನು ಮೆಚ್ಚಲಾರರು. ಬಲೆ ಹಾಕುವವರು, ಬೇಟೆಯಾಡುವವರು ಕಂಡರೆ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಹಂತ 7: ಕ್ಯಾಮೆರಾ ಹೊಂದಿಸುವುದು

ಹಾರುವ ಹೆಬ್ಬಾತು ಗಂಟೆಗೆ 60 ಕಿ.ಮೀ. ವೇಗದಲ್ಲಿದೆ ಎಂದುಕೊಂಡರೆ, 1/500 ಸೆಕೆಂಡಿನಲ್ಲಿ ಅದು ಮೂರು ಸೆಂಟಿಮೀಟರ್‌ಗೂ ಹೆಚ್ಚು ಮುಂದೆ ಸಾಗಿರುತ್ತದೆ. 1/2000ದಲ್ಲಿ ಒಂದು ಸೆಂಟಿಮೀಟರ್‌ಗೂ ಕಡಿಮೆ. ಹಾಗಾಗಿ ಶಟರ್ ವೇಗವನ್ನು, ಅಂದರೆ ಒಂದು ಚಿತ್ರಕ್ಕೆ ಬೆಳಕು ಬೀಳುವ ಅವಧಿಯನ್ನು, ಹಾರಾಟಕ್ಕೆ 1/2000, ಈಜುವ ಬಾತಿಗೆ 1/640 ಇಟ್ಟುಕೊಳ್ಳಿ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಒಂಟಿ ಹಕ್ಕಿಗೆ ಎಫ್ 5.6 ಅಥವಾ 6.3, ಗುಂಪಿಗೆ ಎಫ್ 8 ಇರಲಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ತಾನಾಗಿಯೇ ಹೊಂದಿಕೊಳ್ಳುವಂತೆ ಬಿಟ್ಟು 3200ಕ್ಕೆ ಮಿತಿ ಹಾಕಿ. ಬೆಳಗಿನ ಮಂದ ಬೆಳಕಿನಲ್ಲಿ ಚಿತ್ರ ಸ್ವಲ್ಪ ಕಾಳುಕಾಳಾದರೂ ಚಿಂತೆಯಿಲ್ಲ, ಅಲುಗಿದ ಚಿತ್ರವನ್ನು ಮಾತ್ರ ಆಮೇಲೆ ಸರಿಪಡಿಸಲಾಗದು. ಫೋಕಸ್ ಅನ್ನು ಚಲಿಸುವ ವಸ್ತುವನ್ನು ಹಿಂಬಾಲಿಸುವ ಕ್ರಮಕ್ಕೆ ತಿರುಗಿಸಿ; ಕ್ಯಾನನ್‌ನಲ್ಲಿ ಅದು ಎಐ ಸರ್ವೋ ಅಥವಾ ಸರ್ವೋ, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಸಿ.

ಹೆಚ್ಚಿನವರು ಎಡವುವುದು ಬೆಳಕಿನ ಅಳತೆಯಲ್ಲಿ. ಆಕಾಶದೆದುರು ಹಾರುವ ಹಕ್ಕಿ ಕಪ್ಪಗೆ ಬರುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಕ್ಯಾಮೆರಾ ಅಳೆದ ಬೆಳಕನ್ನು ನಾವು ಕೈಯಾರೆ ಹೆಚ್ಚು ಕಡಿಮೆ ಮಾಡುವ ಸೌಲಭ್ಯವನ್ನು ಬಳಸಿ ಒಂದು ಸ್ಟಾಪ್, ಎಂದರೆ ಬೆಳಕು ಇಮ್ಮಡಿಯಾಗುವಷ್ಟು, ಹೆಚ್ಚಿಸಿ. ಅದೇ ಹಕ್ಕಿ ಕಡುಬಣ್ಣದ ನೀರಿಗೆ ಇಳಿದಾಗ ಅದರ ಬಿಳಿ ತಲೆ ಸುಣ್ಣದಂತಾಗಿ ಗರಿಗಳ ವಿವರ ಅಳಿಸಿಹೋಗುತ್ತದೆ. ಆಗ ಅರ್ಧದಿಂದ ಮುಕ್ಕಾಲು ಸ್ಟಾಪ್ ತಗ್ಗಿಸಬೇಕು. ಹಿಂಡು ಆಕಾಶದಿಂದ ನೀರಿಗೆ ಇಳಿಯುವ ಕೆಲವೇ ಕ್ಷಣಗಳಲ್ಲಿ ಇಷ್ಟೆಲ್ಲ ತಿರುಗಿಸಲಾಗುವುದಿಲ್ಲ. ಅದಕ್ಕೆ ಮ್ಯಾನ್ಯುಯಲ್ ಕ್ರಮದಲ್ಲಿ, ಬಿಸಿಲು ಬಿದ್ದ ಬಿಳಿ ತಲೆಯ ವಿವರ ಉಳಿಯುವಂತೆ ಮೊದಲೇ ಹೊಂದಿಸಿ, ಐಎಸ್‌ಒ ಅನ್ನೂ ಸ್ಥಿರವಾಗಿಟ್ಟುಬಿಡುವುದು ಲೇಸು. ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗದಿರುವಾಗ ಹಿನ್ನೆಲೆ ಬದಲಾದರೂ ಅಳತೆ ಬದಲಾಗಬೇಕಿಲ್ಲ.

ಒಂಬತ್ತೂವರೆಯ ನಂತರ ನೀರಿನ ಮೇಲೆ ಬಿಸಿಗಾಳಿ ನಡುಗತೊಡಗುತ್ತದೆ. ದೂರದ ಹಕ್ಕಿಗಳ ಚಿತ್ರ ಮಸುಕಾದರೆ ಲೆನ್ಸನ್ನು ದೂರಬೇಡಿ. ಆಗ ಹತ್ತಿರದ ಹಕ್ಕಿಗಳನ್ನು ಮಾತ್ರ ತೆಗೆಯಿರಿ, ಉಳಿದ ಸಮಯವನ್ನು ಎಣಿಕೆಗೆ ಬಳಸಿ.

ಹಂತ 8: ದಾಖಲಿಸುವುದು, ವರದಿ ಮಾಡುವುದು

ಪ್ರತಿ ಹೆಬ್ಬಾತಿನ ಕುತ್ತಿಗೆಯನ್ನೂ ದುರ್ಬೀನಿನಲ್ಲಿ ಒಮ್ಮೆ ನೋಡಿ. ಮಂಗೋಲಿಯಾದಲ್ಲಿ ಅಕ್ಷರ, ಅಂಕಿಗಳಿರುವ ಪ್ಲಾಸ್ಟಿಕ್ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರಗಳ ಬಣ್ಣ, ಸಂಕೇತ, ದಿನಾಂಕ, ಕೆರೆಯ ಹೆಸರು ಬರೆದುಕೊಂಡು, ಚಿತ್ರ ಎಷ್ಟೇ ಮಸುಕಾಗಿದ್ದರೂ ಅದರ ಜೊತೆಗೆ ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿ. ಸಂಕೇತದ ಅಕ್ಷರವನ್ನು ಊಹಿಸಿ ತುಂಬಬೇಡಿ. ಕಾಣದ ಅಕ್ಷರದ ಜಾಗವನ್ನು ಖಾಲಿ ಬಿಟ್ಟು ವರದಿ ಮಾಡಿ.

ಎಣಿಕೆಗೆ ಸುಲಭ ಉಪಾಯವೆಂದರೆ ಹಿಂಡಿನ ಒಂದು ಅಂಚಿನಲ್ಲಿ ಐವತ್ತು ಹಕ್ಕಿಗಳನ್ನು ಸರಿಯಾಗಿ ಎಣಿಸಿ, ಅಷ್ಟು ಗಾತ್ರದ ಗುಂಪುಗಳು ಎಷ್ಟಿವೆಯೆಂದು ನೋಡುವುದು. ಪಟ್ಟೆಯಿಲ್ಲದ ಮರಿಗಳನ್ನು ಬೇರೆಯಾಗಿ ಎಣಿಸಿದರೆ ಆ ವರ್ಷ ಎಷ್ಟು ಮರಿಗಳು ಬದುಕಿ ಬಂದಿವೆ ಎಂಬುದಕ್ಕೆ ಅಂದಾಜು ಸಿಗುತ್ತದೆ. ಈ ಅಂಕಿಗಳನ್ನು ಹಕ್ಕಿ ವೀಕ್ಷಣೆಗಳನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿ 1987ರಿಂದಲೂ ಸ್ವಯಂಸೇವಕರ ಬಲದಿಂದಲೇ ನಡೆದುಬಂದಿದೆ, ಹೊಸಬರೂ ಅದರಲ್ಲಿ ಪಾಲ್ಗೊಳ್ಳಬಹುದು.

ಸತ್ತ ಅಥವಾ ಕುತ್ತಿಗೆ ತಿರುಚಿಕೊಂಡು ನರಳುವ ಬಾತು ಕಂಡರೆ ಮುಟ್ಟಬೇಡಿ. ನೀರುಹಕ್ಕಿಗಳು ಹಕ್ಕಿಜ್ವರದ ವೈರಾಣುವನ್ನು ಹೊತ್ತಿರಬಹುದು. ದೂರದಿಂದ ಚಿತ್ರ ತೆಗೆದು, ಜಾಗವನ್ನು ಗುರುತಿಸಿಕೊಂಡು, ಅರಣ್ಯ ಇಲಾಖೆಗೂ ಹತ್ತಿರದ ಪಶುವೈದ್ಯ ಆಸ್ಪತ್ರೆಗೂ ತಿಳಿಸಿ. ಕೆರೆಯಂಗಳದಲ್ಲಿ ಓಡಾಡಿದ ಚಪ್ಪಲಿ, ಬೂಟುಗಳನ್ನು ಮನೆಗೆ ಬಂದಮೇಲೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಮನೆಯಲ್ಲಿ ಕೋಳಿ ಸಾಕಿರುವವರು ಅದೇ ಬೂಟಿನಲ್ಲಿ ಗೂಡಿನ ಬಳಿ ಹೋಗಬಾರದು.